ಚಪ್ಪಾಳೆ ಹೊಡೆದವರ ಲೆಕ್ಕ

2025ರ ಫೆಬ್ರವರಿ 8, ಶನಿವಾರ. ದೆಹಲಿ ವಿಧಾನಸಭೆಯ ಫಲಿತಾಂಶ ಬರ್ತಾ ಇತ್ತು. ಆಮ್ ಆದ್ಮಿ ಪಕ್ಷ 70ರಲ್ಲಿ 22ಕ್ಕೆ ಇಳಿದಿತ್ತು. ನವದೆಹಲಿ ಕ್ಷೇತ್ರದಲ್ಲಿ ಅರವಿಂದ ಕೇಜ್ರಿವಾಲ್ ಅವರೇ ಸೋತಿದ್ದರು. ಇಂಜಿನಿಯರಿಂಗ್ ಕಾಲದ ನನ್ನ ರೂಮ್‌ಮೇಟ್ ಫೋನ್ ಮಾಡಿದ. "ನೋಡ್ದಾ? ಸುಮ್ನೆ ಸಮಾಜಸೇವೆ ಮಾಡ್ಕೊಂಡು ಇದ್ದಿದ್ರೆ ಇಷ್ಟೊತ್ತಿಗೆ ದೇವರಾಗಿರ್ತಿದ್ದ. ರಾಜಕೀಯಕ್ಕೆ ಹೋಗಿ ಕೆಟ್ಟ" ಅಂದ. ನಾನೂ "ಹೂಂ ಕಣೋ" ಅಂದೆ. ಫೋನಿಟ್ಟ ಮೇಲೆ ಯಾಕೋ ಆ ಹೂಂ ನನಗೇ ಸರಿ ಅನ್ನಿಸಲಿಲ್ಲ.

ಯಾಕೆಂದರೆ 2011ರ ಆಗಸ್ಟಿನಲ್ಲಿ ನಾವಿಬ್ಬರೂ ಫ್ರೀಡಂ ಪಾರ್ಕಿನಲ್ಲಿದ್ದೆವು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ದೆಹಲಿಯಲ್ಲಿ ಅಣ್ಣಾ ಹಜಾರೆ ಉಪವಾಸ ಕೂತಿದ್ದರು. ಇಲ್ಲಿ ನಾವು ಆಫೀಸು ಮುಗಿಸಿ, ಐಡಿ ಕಾರ್ಡು ಜೇಬಿಗೆ ತುರುಕಿ, ಮೇಣದ ಬತ್ತಿ ಹಿಡಿದು ನಿಲ್ಲುತ್ತಿದ್ದೆವು. ಅದಕ್ಕೆ ಸ್ವಲ್ಪ ದಿನ ಮುಂಚೆಯಷ್ಟೇ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಗಣಿ ವರದಿ ಬಂದು ಯಡಿಯೂರಪ್ಪನವರು ರಾಜೀನಾಮೆ ಕೊಟ್ಟಿದ್ದರು. ದೇಶ ಬದಲಾಗಿಯೇಬಿಟ್ಟಿತು ಅಂತ ನಂಬಿದ್ದ ವಯಸ್ಸು ಅದು. ಬಿಳಿ ಟೋಪಿ ಬಹಳ ದಿನ ಪಿಜಿ ಬಾಗಿಲ ಹಿಂದೆ ನೇತಾಡ್ತಿತ್ತು.

ಅದಾಗಿ ಎರಡು ವರ್ಷಕ್ಕೆ, 2013ರ ಮೇ 5ಕ್ಕೆ, ಕರ್ನಾಟಕದಲ್ಲಿ ವಿಧಾನಸಭಾ ಚುನಾವಣೆ ಬಂತು. ಭಾನುವಾರ ಬೇರೆ. ನನ್ನ ಹೆಸರು ಊರಿನ ಪಟ್ಟಿಯಲ್ಲಿತ್ತು. ಮಂಡ್ಯ ಜಿಲ್ಲೆಯ ನಮ್ಮೂರಿಗೆ ಮೂರು ಗಂಟೆ ದಾರಿ. ನಾನು ಹೋಗಲಿಲ್ಲ. ಮಲಗಿದ್ದೆ.

ಇದನ್ನ ಮೊದಲೇ ಹೇಳಿಬಿಟ್ಟೆ. ಮುಂದೆ ಬರೆಯೋದೆಲ್ಲ ಯಾರೋ ದೊಡ್ಡವರನ್ನ ಅಳೆಯೋ ಹಾಗೆ ಕಾಣುತ್ತೆ, ಅಳತೆಗೋಲು ನನ್ನ ಬೆನ್ನಿಗೂ ಬೀಳಬೇಕು ಅಂತ.

ನಮ್ಮ ಊರಿನ ಸರ್ಕಲ್‌ನಲ್ಲಿ ವರ್ಷಕ್ಕೆ ಹತ್ತು ಫ್ಲೆಕ್ಸ್ ಏಳುತ್ತವೆ. "ಯುವ ನಾಯಕರು, ಸಮಾಜ ಸೇವಕರು ಆದ ಶ್ರೀಯುತರಿಗೆ ಹುಟ್ಟುಹಬ್ಬದ ಶುಭಾಶಯಗಳು." ಕೂಲಿಂಗ್ ಗ್ಲಾಸು, ಕೈ ಮುಗಿದ ಭಂಗಿ, ಕೆಳಗೆ ಮೂವತ್ತು ಚಿಕ್ಕ ಚಿಕ್ಕ ಮುಖ. ಈ ಸಮಾಜ ಸೇವಕರು ಚುನಾವಣೆಗೆ ಎರಡು ವರ್ಷ ಇರುವಾಗ ಹುಟ್ಟಿ ಟಿಕೆಟ್ ಸಿಗದಿದ್ದರೆ ಮಾಯವಾಗುತ್ತಾರೆ. ಇವರ ಬಗ್ಗೆ ಬರೆಯೋಕೆ ಏನಿಲ್ಲ. ನನ್ನ ಪ್ರಶ್ನೆ ನಿಜವಾಗಿ ಮೈ ಸವೆಸಿ ಕೆಲಸ ಮಾಡಿದವರ ಬಗ್ಗೆ. ಅವರು ಚುನಾವಣೆಗೆ ನಿಂತರೆ ಸೋಲುತ್ತಾರೆ, ಗೆದ್ದರೆ ಬೇರೆಯವರಾಗಿಬಿಡುತ್ತಾರೆ ಅನ್ನುವ ಮಾತಿದೆಯಲ್ಲ, ಅದು ಯಾಕೆ ಹಾಗಾಗುತ್ತೆ?

"ರಾಜಕೀಯ ಕೊಚ್ಚೆ, ಇಳಿದವರಿಗೆ ಮೆತ್ತಿಕೊಳ್ಳುತ್ತೆ" ಅನ್ನೋದು ನಮ್ಮ ರೆಡಿಮೇಡ್ ಉತ್ತರ. ಈ ಉತ್ತರ ನನಗೆ ಒಪ್ಪಿಗೆಯಿಲ್ಲ. ನನಗನ್ನಿಸೋದು, ಅವರ ಹಿಂದೆ ಎಂಥ ಜನ ನಿಂತಿದ್ದರು ಅನ್ನೋದರ ಮೇಲೆ ಎಲ್ಲ ನಿಂತಿದೆ. ದೂರದಿಂದ ಚಪ್ಪಾಳೆ ಹೊಡೆಯೋರು ಓಟೂ ಆಗೋದಿಲ್ಲ, ಲಗಾಮೂ ಆಗೋದಿಲ್ಲ. ನಮ್ಮಂಥವರು ಬಹುಪಾಲು ಆ ದೂರದವರು.

ಇರೋಮ್ ಶರ್ಮಿಳಾ ಅವರನ್ನ ನೆನಪಿಸಿಕೊಳ್ಳಿ. 2000ದ ನವೆಂಬರಿನಲ್ಲಿ ಇಂಫಾಲ ಹತ್ತಿರದ ಮಾಲೋಮ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದವರೂ ಸೇರಿ ಹತ್ತು ಜನ ಅಸ್ಸಾಂ ರೈಫಲ್ಸ್ ಗುಂಡಿಗೆ ಸತ್ತರು. ಸೇನೆಗೆ ವಿಶೇಷಾಧಿಕಾರ ಕೊಡುವ ಕಾಯ್ದೆ ಹೋಗಬೇಕು ಅಂತ ಈಕೆ ಉಪವಾಸ ಶುರು ಮಾಡಿದರು. ಆತ್ಮಹತ್ಯೆಗೆ ಯತ್ನ ಅಂತ ಕೇಸು ಹಾಕಿ, ಆಸ್ಪತ್ರೆಯ ವಾರ್ಡಿನಲ್ಲಿಟ್ಟು, ಮೂಗಿಗೆ ನಳಿಕೆ ಹಾಕಿ ದ್ರವ ಆಹಾರ ಕೊಟ್ಟರು. ಹೆಚ್ಚುಕಡಿಮೆ ಹದಿನಾರು ವರ್ಷ. ಆ ನಳಿಕೆಯ ಮುಖ ನಮಗೆಲ್ಲ ಗೊತ್ತು. ನಾನೂ ಒಂದು ಸಲ ಆ ಚಿತ್ರವನ್ನ ಡಿಪಿ ಮಾಡಿಕೊಂಡಿದ್ದೆ, ಮೂರು ದಿನ.

2016ರ ಆಗಸ್ಟ್ 9ಕ್ಕೆ ಅವರು ಉಪವಾಸ ಬಿಟ್ಟರು. ರಾಜಕೀಯಕ್ಕೆ ಬರ್ತೀನಿ, ಮುಖ್ಯಮಂತ್ರಿ ಆಗಿ ಕಾಯ್ದೆ ತೆಗೆಸ್ತೀನಿ ಅಂದರು. ಆ ರಾತ್ರಿ ಇಂಫಾಲದಲ್ಲಿ ಅವರಿಗೆ ತಂಗಲು ಜಾಗ ಸಿಗಲಿಲ್ಲ. ಸ್ಥಳೀಯರು ವಿರೋಧ ಮಾಡಿದರು, ಮತ್ತೆ ಅದೇ ಆಸ್ಪತ್ರೆಗೆ ಹೋಗಬೇಕಾಯಿತು. ಒಂದು ಸಲ ಯೋಚನೆ ಮಾಡಿ. ಹದಿನಾರು ವರ್ಷ ಊಟ ಬಿಟ್ಟಿದ್ದಾಗ ಊರಿಗೇ ದೇವತೆ. ನಾಲಿಗೆಗೆ ಒಂದು ಹನಿ ಜೇನುತುಪ್ಪ ತಾಗಿಸಿದ ದಿನ ಮಲಗೋಕೆ ಒಂದು ಮನೆ ಇಲ್ಲ. 2017ರ ಚುನಾವಣೆಯಲ್ಲಿ ಆಗಿನ ಮುಖ್ಯಮಂತ್ರಿ ಒಕ್ರಮ್ ಇಬೋಬಿ ಸಿಂಗ್ ಎದುರು, ಅವರದೇ ಕ್ಷೇತ್ರವಾದ ಥೌಬಾಲ್‌ನಲ್ಲಿ ನಿಂತರು. ಸೈಕಲ್ ತುಳಿದು ಪ್ರಚಾರ ಮಾಡಿದರು. ಬಂದದ್ದು 90 ಓಟು. ನೋಟಾಗೆ 143.

ಆವತ್ತು ಫೇಸ್‌ಬುಕ್ಕಿನಲ್ಲಿ ನಾವೆಲ್ಲ ಮಣಿಪುರದ ಜನರನ್ನ ಬೈದೆವು. ಕೃತಘ್ನರು, ದುಡ್ಡಿಗೆ ಮಾರಿಕೊಂಡರು, ಹೀಗೇ ಏನೇನೋ. ಈ ಸಿಟ್ಟನ್ನ ಹೊತ್ತುಕೊಂಡೇ ಆ ವಾರ ಊರಿಗೆ ಹೋಗಿದ್ದೆ, ಅಪ್ಪನ ಹತ್ತಿರ ಹೇಳಿದೆ. ಅಪ್ಪ ಬೀಡಿ ಹಚ್ಚಿಕೊಂಡು ಪೂರಾ ಕೇಳಿಸಿಕೊಂಡರು. ಆಮೇಲೆ ಕೇಳಿದ್ದು ಒಂದೇ: "ಆ ತಾಯಿ ನಿಂತ್ಕಂಡಿದ್ದು ಅವ್ರ ಊರ್ನಾಗಾ?" ಅಲ್ಲ ಅಂದೆ. "ಹದ್ನಾರ್ ವರ್ಸ ಆಸ್ಪತ್ರೇಲಿ ಇಟ್ಟಿದ್ರು ಅಂತೀಯ. ಯಾರ್ ಮನೆ ಸಾವಿಗೆ ಹೋಗಿರ್ತಾಳೆ, ಯಾರ್ ಮನೆ ಮದ್ವೆಗೆ ಹೋಗಿರ್ತಾಳೆ, ಪಾಪ?"

ಅಪ್ಪನ ಮಾತು ಆಗ ಸಣ್ಣದಾಗಿ ಕಂಡಿತ್ತು. ಸಾವು, ಮದುವೆ, ಇದೆಲ್ಲ ಓಟಿಗೆ ಆಧಾರವಾ? ಈಗ ಹಾಗನ್ನಿಸಲ್ಲ. ಹೋರಾಟಕ್ಕೆ ಒಂದು ವಿಷಯ ಸಾಕು. ಓಟು ಹಾಕುವವನು ತನ್ನ ಇಡೀ ಬದುಕನ್ನ ತಂದು ಮುಂದಿಡುತ್ತಾನೆ. ರೇಷನ್ ಕಾರ್ಡು, ಪೌತಿ ಖಾತೆ, ಸ್ಟೇಷನ್ನಿನಲ್ಲಿ ಕೂರಿಸಿಕೊಂಡಿರೋ ತಮ್ಮ, ಆಸ್ಪತ್ರೆಯಲ್ಲಿ ಒಂದು ಬೆಡ್ಡು. ಶರ್ಮಿಳಾ ಅವರ ತ್ಯಾಗಕ್ಕೆ ತೂಕ ಇರಲಿಲ್ಲ ಅಂತಲ್ಲ. ಸರ್ಕಾರ ಅವರನ್ನ ವಾರ್ಡಿನೊಳಗಿಟ್ಟಿತು, ನಾವು ಫೋಟೋದೊಳಗಿಟ್ಟೆವು. ಎರಡರಿಂದಲೂ ಅವರಿಗೆ ನೆರೆಹೊರೆ ಅನ್ನೋದೊಂದು ಸಿಗಲಿಲ್ಲ. 2019ರಲ್ಲಿ ಅವರಿಗೆ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದು ನಮ್ಮ ಬೆಂಗಳೂರಿನ ಆಸ್ಪತ್ರೆಯಲ್ಲಿ. ಡಿಪಿ ಹಾಕಿಕೊಂಡಿದ್ದ ನಮ್ಮಲ್ಲಿ ಎಷ್ಟು ಜನಕ್ಕೆ ಅದು ಗೊತ್ತಾಯಿತು?

ಶಿವರಾಮ ಕಾರಂತರೂ ಹೀಗೆ ಸೋತವರೇ. ಕೈಗಾ ಅಣುಸ್ಥಾವರ ಬೇಡ ಅಂತ 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಕಾರವಾರದ ಕಡೆಯಿಂದ ಲೋಕಸಭೆಗೆ ನಿಂತರು. ಕನ್ನಡ ಓದುವ ಪ್ರತಿ ಮನೆಯಲ್ಲೂ ಅವರಿಗೆ ಗೌರವ ಇತ್ತು. ಆದರೆ ರಾಜ್ಯದ ತುಂಬ ಹರಡಿದ ಗೌರವ ಒಂದು ಕ್ಷೇತ್ರದ ಪೆಟ್ಟಿಗೆಗೆ ಬೀಳೋದಿಲ್ಲ.

ಹಾಗಾದರೆ ಯಾರೂ ಗೆದ್ದಿಲ್ವಾ? ಗೆದ್ದಿದ್ದಾರೆ. 1951ರಲ್ಲಿ ಸಾಗರದ ಹತ್ತಿರ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರ ಎದುರು ಸತ್ಯಾಗ್ರಹ ಮಾಡಿದರು. ಅದರಲ್ಲಿ ನಿಂತಿದ್ದ ಸಮಾಜವಾದಿ ಹುಡುಗ ಶಾಂತವೇರಿ ಗೋಪಾಲಗೌಡರು ಮರುವರ್ಷ, ದೇಶದ ಮೊದಲ ಚುನಾವಣೆಯಲ್ಲೇ, ಅದೇ ಸೀಮೆಯಿಂದ ಶಾಸಕರಾದರು. ಹೋರಾಟದ ಜನ ಬೇರೆ, ಓಟಿನ ಜನ ಬೇರೆ ಆಗಿರಲಿಲ್ಲ. ಜೈಲಿಗೆ ಹೋದವರ ಮನೆಯವರೇ ಓಟು ಹಾಕಿದ್ದು.

ನಮ್ಮ ಕಡೆಯ ಉದಾಹರಣೆ ಕೆ.ಎಸ್. ಪುಟ್ಟಣ್ಣಯ್ಯ. ರೈತಸಂಘದವರು. 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ಗೆದ್ದರು, ನಡುವೆ ಸೋತಿದ್ದೂ ಉಂಟು. ಆ 2013ರ ಚುನಾವಣೆಯೇ ನಾನು ಮಲಗಿದ್ದ ಭಾನುವಾರದ್ದು. ನಮ್ಮದು ಪಕ್ಕದ ಕ್ಷೇತ್ರ, ಆದರೂ ಅಪ್ಪನ ಪೆಟ್ಟಿಗೆಯಲ್ಲಿ ಒಂದು ಹಸಿರು ಟವೆಲ್ ಇದೆ. ಎಂಬತ್ತರ ದಶಕದಲ್ಲಿ ರೈತಸಂಘ ಊರ ಬಾಗಿಲಿಗೆ ಬೋರ್ಡು ಹಾಕುತ್ತಿತ್ತು, ಸಾಲ ವಸೂಲಿಗೆ ಬರುವ ಅಧಿಕಾರಿಗಳು ಅಪ್ಪಣೆ ಇಲ್ಲದೆ ಒಳಗೆ ಬರಬಾರದು ಅಂತ. ಜಪ್ತಿ ಮಾಡಿಕೊಂಡು ಹೋದ ಪಾತ್ರೆ ಪಗಡೆಯನ್ನ ವಾಪಸ್ ತರುತ್ತಿದ್ದರು. ಪುಟ್ಟಣ್ಣಯ್ಯನವರನ್ನ ಅಪ್ಪ ಹೊಗಳಿದ್ದಕ್ಕಿಂತ ಬೈದಿದ್ದೇ ಜಾಸ್ತಿ ಕೇಳಿದ್ದೀನಿ. ಎದುರಿಗೇ ಬೈಯಬಹುದಿತ್ತಂತೆ, ಅವರೂ ತಿರುಗಿ ಬೈಯುತ್ತಿದ್ದರಂತೆ. 2018ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಿದ್ದೂ ಕಬಡ್ಡಿ ಪಂದ್ಯ ನೋಡ್ತಾ ಇದ್ದಾಗ, ಜನರ ನಡುವೆಯೇ. ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮ ನಡೆಸುತ್ತಿದ್ದ ಮಗ ದರ್ಶನ್ ಅದೇ ವರ್ಷ ನಿಂತು ಸೋತರು, 2023ರಲ್ಲಿ ಗೆದ್ದರು. ಒಂದೇ ಸಲಕ್ಕೆ ಅನುಕಂಪವೂ ಕೈಹಿಡಿಯಲಿಲ್ಲ ಅನ್ನೋದು ನನಗೆ ಇಷ್ಟವಾದ ವಿಷಯ.

ಜನರ ನಡುವೆ ಇದ್ದರೆ ಸಾಕು, ಎಲ್ಲರೂ ನೆಟ್ಟಗಿರುತ್ತಾರೆ ಅಂತಲೂ ಹೇಳಲಾರೆ. ಇದೇ ರೈತಸಂಘ ಒಡೆದು ಬಣಗಳಾಯಿತು. ಅದರ ದೊಡ್ಡ ನಾಯಕರಲ್ಲೊಬ್ಬರಾದ ಬಾಬಾಗೌಡ ಪಾಟೀಲರು ಬಿಜೆಪಿ ಸೇರಿ ವಾಜಪೇಯಿ ಸರ್ಕಾರದಲ್ಲಿ ಮಂತ್ರಿಯಾದರು. ಹತ್ತಿರದ ಜನ ಇದ್ದರೆ ಏನಾಗುತ್ತೆ ಅಂದರೆ, ದಾರಿ ಬದಲಿಸುವಾಗ ಕೇಳೋರಿರುತ್ತಾರೆ, ಅಷ್ಟೇ. ಕೇಳೋರೇ ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ದೆಹಲಿಗೆ ವಾಪಸ್ ಹೋಗಬೇಕು.

ಕೇಜ್ರಿವಾಲ್ ಟೀವಿಯಲ್ಲಿ ಹುಟ್ಟಿದವರಲ್ಲ. ಆದಾಯ ತೆರಿಗೆ ಇಲಾಖೆಯ ಅಧಿಕಾರಿಯಾಗಿದ್ದಾಗಲೇ ಪರಿವರ್ತನ್ ಅಂತ ಸಂಘಟನೆ ಕಟ್ಟಿದ್ದರು. ಪೂರ್ವ ದೆಹಲಿಯ ಸುಂದರ್ ನಗ್ರಿಯಂಥ ಬಡವರ ಬಡಾವಣೆಗಳಲ್ಲಿ ರೇಷನ್ ಅಂಗಡಿಯ ಲೆಕ್ಕ, ರಸ್ತೆ ಕಾಮಗಾರಿಯ ಲೆಕ್ಕ ತೆಗೆಸಿದರು. ಅದಕ್ಕೇ 2006ರಲ್ಲಿ ಮ್ಯಾಗ್ಸೇಸೆ ಬಂದಿದ್ದು. ಆಗ ಅವರ ಸುತ್ತ ಇದ್ದವರು ಅಕ್ಕಿ ಗೋಧಿ ಸಿಗದ ಹೆಂಗಸರು. 2011ರಿಂದ ಸುತ್ತ ಇದ್ದವರು ನಾವು.

2012ರ ನವೆಂಬರಿನಲ್ಲಿ ಪಕ್ಷ ಹುಟ್ಟಿತು. 2013ರ ಡಿಸೆಂಬರಿನಲ್ಲಿ 28 ಸೀಟು, 49 ದಿನದ ಸರ್ಕಾರ, ಜನಲೋಕಪಾಲ ಮಸೂದೆ ಮಂಡಿಸಲು ಆಗಲಿಲ್ಲ ಅಂತ ರಾಜೀನಾಮೆ. 2015ರ ಫೆಬ್ರವರಿಯಲ್ಲಿ 70ಕ್ಕೆ 67. ಅದಾಗಿ ಮೂರು ತಿಂಗಳೊಳಗೆ ಎರಡು ಕೆಲಸ ಆಯಿತು. ಪಕ್ಷದೊಳಗಿನ ದೂರು ಕೇಳಲು ಇದ್ದ ಲೋಕಪಾಲ, ನೌಕಾಪಡೆಯ ನಿವೃತ್ತ ಮುಖ್ಯಸ್ಥ ಅಡ್ಮಿರಲ್ ರಾಮದಾಸ್ ಅವರನ್ನ ತೆಗೆದರು. ಪ್ರಶ್ನೆ ಎತ್ತಿದ ಯೋಗೇಂದ್ರ ಯಾದವ್, ಪ್ರಶಾಂತ್ ಭೂಷಣ್ ಅವರನ್ನ ಪಕ್ಷದಿಂದ ಹೊರಗೆ ಹಾಕಿದರು. ಲೋಕಪಾಲ ಬೇಕು ಅಂತ ಹುಟ್ಟಿದ ಪಕ್ಷ ತನ್ನ ಮನೆಯ ಲೋಕಪಾಲನನ್ನೇ ಕಳಿಸಿಬಿಟ್ಟಿತು. ನನ್ನ ಪ್ರಕಾರ ಕೇಜ್ರಿವಾಲ್ ಸೋಲು ಶುರುವಾಗಿದ್ದು ಆಗ, ಮದ್ಯ ನೀತಿಯ ಪ್ರಕರಣದಲ್ಲಿ ಅವರ ಬಂಧನವಾದ 2024ರ ಮಾರ್ಚಿನಲ್ಲಲ್ಲ. ಆ ಪ್ರಕರಣದ ಸರಿತಪ್ಪು ಕೋರ್ಟಿಗೆ ಬಿಟ್ಟಿದ್ದು.

ಆ ಏಪ್ರಿಲಿನಲ್ಲಿ ನಾವೇನು ಮಾಡಿದೆವು? ಆಫೀಸಿನ ಕ್ಯಾಂಟೀನಿನಲ್ಲಿ ನಾನು ಕೇಜ್ರಿವಾಲ್ ಪರ ವಾದ ಮಾಡಿದ್ದು ಚೆನ್ನಾಗಿ ನೆನಪಿದೆ. "ಮೊದಲು ಕೆಲಸ ಮಾಡೋಕೆ ಬಿಡ್ರಿ, ಇವರೆಲ್ಲ ಬರೀ ಮಾತಾಡೋರು" ಅಂದಿದ್ದೆ. ನನಗೆ ಒಬ್ಬ ಹೀರೋ ಬೇಕಿತ್ತು. ಹೀರೋ ಹತ್ತಿರ ಯಾರಾದರೂ ಲೆಕ್ಕ ಕೇಳ್ತಾರಾ? ಅವನ ಮಫ್ಲರು, ಕೆಮ್ಮು, ಬಿಟ್ಟ ಕೆಲಸ, ಇವೇ ಸಾಕ್ಷಿ ಅಂದುಕೊಂಡೆವು. ಸಮಾಜಸೇವಕರಿಗೆ ಇರುವ ಅಪಾಯ ಇದೇ ಅಂತ ಈಗ ಅನ್ನಿಸುತ್ತೆ. ಮಾಡಿದ ತ್ಯಾಗವೇ ಅವರ ಅರ್ಹತಾ ಪತ್ರ. ಅದನ್ನ ತೋರಿಸಿ ಅಭ್ಯಾಸವಾದವರಿಗೆ ಲೆಕ್ಕ ಕೇಳಿದರೆ ಅವಮಾನ ಅನ್ನಿಸುತ್ತೆ. ಹೈಕಮಾಂಡ್ ಅನ್ನೋದು ಹಳೇ ಪಕ್ಷಗಳಲ್ಲಿ ವಂಶದಿಂದ ಬಂದರೆ, ಇಲ್ಲಿ ತ್ಯಾಗದಿಂದ ಬಂತು. ದೆಹಲಿಯ ಬಡವರು 2020ರಲ್ಲಿ ಮತ್ತೆ 62 ಸೀಟು ಕೊಟ್ಟರು. ಅದು ಶಾಲೆ, ಮೊಹಲ್ಲಾ ಕ್ಲಿನಿಕ್ಕು, ಕರೆಂಟ್ ಬಿಲ್ಲು ಮುಂದಿಟ್ಟುಕೊಂಡು ಹಾಕಿದ ಓಟು. ಅವರು ವ್ಯವಹಾರಸ್ಥರು. ಕುರುಡು ಭಕ್ತಿ ನಮ್ಮದು.

ಮಾಹಿತಿ ಹಕ್ಕಿಗೆ ದುಡಿದ ಇನ್ನೊಬ್ಬರನ್ನ ಪಕ್ಕದಲ್ಲಿಟ್ಟು ನೋಡಿ. ಅರುಣಾ ರಾಯ್ 1975ರಲ್ಲಿ ಐಎಎಸ್ ಬಿಟ್ಟರು. 1990ರಲ್ಲಿ ರಾಜಸ್ಥಾನದ ಹಳ್ಳಿಗಾಡಿನಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಕಟ್ಟಿದವರಲ್ಲಿ ಅವರೂ ಒಬ್ಬರು. 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಅನ್ನುವ ಊರಿನಲ್ಲಿ ಮೊದಲ ಜನಸುನ್ವಾಯಿ ನಡೆಯಿತು. ಪಂಚಾಯ್ತಿಯ ಬಿಲ್ಲು, ಕೂಲಿ ಹಾಜರಾತಿ ಪಟ್ಟಿಗಳನ್ನ ಊರವರ ಎದುರು ಗಟ್ಟಿಯಾಗಿ ಓದೋದು, ಅಷ್ಟೇ. ಕೆಲಸ ಮಾಡದವರ ಹೆಸರಲ್ಲಿ ಕೂಲಿ, ಕಟ್ಟದ ಕಟ್ಟಡಕ್ಕೆ ಬಿಲ್ಲು, ಒಂದೊಂದೇ ಹೊರಗೆ ಬಂತು. ಇನ್ನೊಬ್ಬರ ಲೆಕ್ಕ ಕೇಳುವ ಈ ಸಂಘಟನೆಯ ಕಾರ್ಯಕರ್ತರು ತಾವು ತೆಗೆದುಕೊಳ್ಳುವುದು ಕನಿಷ್ಠ ಕೂಲಿಯಷ್ಟು. ಪಂಚಾಯ್ತಿ ಚುನಾವಣೆಗೆ ತಮ್ಮವರನ್ನ ನಿಲ್ಲಿಸಿದ್ದೂ ಉಂಟು. ಹಾಗಾಗಿ ಇವರು ರಾಜಕೀಯದಿಂದ ದೂರ ಇದ್ದರು ಅನ್ನೋದು ತಪ್ಪು. ಲೆಕ್ಕ ಕೇಳೋ ಜನ ನಡೆದುಕೊಂಡು ಬರಬಹುದಾದಷ್ಟು ದೂರದಲ್ಲೇ ರಾಜಕೀಯ ಮಾಡಿದರು. 2005ರ ಮಾಹಿತಿ ಹಕ್ಕು ಕಾಯ್ದೆಯ ಬೇರು ಇಲ್ಲಿದೆ. ಅದೇ ವರ್ಷದ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಗ್ರಾಮಸಭೆಯೇ ಲೆಕ್ಕ ಪರಿಶೋಧನೆ ಮಾಡಬೇಕು ಅಂತ ಸೇರಿಸಿದ್ದರ ಬೇರೂ ಇಲ್ಲೇ.

ಬೆಂಗಳೂರಿನಲ್ಲಿ ನಾವು ಇಂಥದ್ದಕ್ಕೆ ಜಾಗವನ್ನೇ ಉಳಿಸಿಕೊಂಡಿಲ್ಲ. ಕೆರೆ ಉಳಿಸೋರು, ಕಸ ವಿಂಗಡಣೆ ಮಾಡಿಸೋರು, ಮರಕ್ಕಾಗಿ ಕೋರ್ಟಿಗೆ ಹೋಗೋರು ಎಷ್ಟು ಜನ ಒಳ್ಳೆಯವರಿದ್ದಾರೆ. ಅವರು ರಾಜಕೀಯ ಕಲಿಯಬೇಕಾದ ಜಾಗ ವಾರ್ಡು. ಪಾಲಿಕೆ ಚುನಾವಣೆ ಆಗಿದ್ದು 2015ರ ಆಗಸ್ಟಿನಲ್ಲಿ. 2020ರ ಸೆಪ್ಟೆಂಬರಿಗೆ ಅವಧಿ ಮುಗಿಯಿತು. 2025ಕ್ಕೂ ಕಾರ್ಪೊರೇಟರ್ ಇರಲಿಲ್ಲ. ನಮ್ಮ ಅಪಾರ್ಟ್‌ಮೆಂಟ್ ಗುಂಪಿನಲ್ಲಿ ಲಿಫ್ಟಿನ ಬಗ್ಗೆ ದಿನಕ್ಕೆ ನೂರು ಮೆಸೇಜು ಬರುತ್ತೆ. ಇದರ ಬಗ್ಗೆ ಒಂದು ಬಂದಿದ್ದು ನಾನಂತೂ ನೋಡಿಲ್ಲ, ನಾನೂ ಹಾಕಿಲ್ಲ.

ಕೊನೆಗೆ ನಮ್ಮೂರ ಮೇಷ್ಟ್ರ ವಿಷಯ. ರಿಟೈರಾದ ಹೈಸ್ಕೂಲು ಮೇಷ್ಟ್ರು. ಹತ್ತನೇ ಕ್ಲಾಸಿನ ಗಣಿತ ನಾನು ಪಾಸಾಗಿದ್ದು ಅವರ ಜಗಲಿ ಮೇಲೆ, ಪುಕ್ಕಟೆ. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯ್ತಿಗೆ ನಿಂತರು. ಅವರಿಗೆ ಪೋಸ್ಟರ್ ಮಾಡಿಕೊಟ್ಟಿದ್ದು ನಾನೇ. ಬೆಂಗಳೂರಿನಲ್ಲಿರುವ ನಮ್ಮೂರ ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಹೆಬ್ಬೆಟ್ಟು ಎತ್ತಿದರು. ಓಟಿನ ದಿನ ನನಗೆ ರಿಲೀಸ್ ಇತ್ತು. ಮೇಷ್ಟ್ರು ಏಳು ಓಟಿನಲ್ಲಿ ಸೋತರು. ಗುಂಪಿನಲ್ಲಿ ನಾವು ಇಪ್ಪತ್ತಮೂರು ಜನ ಇದ್ದೆವು. ಊರಿಗೆ ಹೋಗಿದ್ದವರು ನಾಲ್ಕು.

ಅಪ್ಪ ಮೇಷ್ಟ್ರಿಗೆ ಹಾಕಿರಲಿಲ್ಲ. ನಾನು ರೇಗಿದೆ. "ಒಳ್ಳೇವ್ರೇ ಕಣಪ್ಪ, ಯಾರ್ ಇಲ್ಲ ಅಂದೋರು? ನಿಮ್ಮವ್ವುಂಗೆ ರಾತ್ರಿ ಹನ್ನೊಂದ್ ಗಂಟೆಗೆ ಎದೆನೋವು ಬಂದಾಗ ಕಾರ್ ತಂದೋನು ಅವ್ನು. ಮೇಷ್ಟ್ರ ತಾವ ಸೈಕಲ್ ಅದೆ. ನೀನು ಬೆಂಗ್ಳೂರ್ನಾಗಿದ್ದೆ" ಅಂದರು. ಅವನು ದುಡ್ಡು ತಿನ್ನೋದು ಗೊತ್ತಿಲ್ವಾ ಅಂದೆ. "ಗೊತ್ತು. ತಿಂದ್ರೆ ಬೆಳಿಗ್ಗೆ ಎದ್ದು ಅವನ ಬಾಗ್ಲಿಗೋಗಿ ಯಾಕ್ಲಾ ಅಂತ ಕೇಳ್ಬೋದು." ಕೇಳಿದ್ದೀರಾ ಅಂದೆ. ಅಪ್ಪ ಬೀಡಿ ಕಟ್ಟು ಹುಡುಕೋಕೆ ಎದ್ದರು.

ಸೋತ ಮೇಲೆ ಮೇಷ್ಟ್ರು ಮನೆಯಲ್ಲಿ ಕೂರಲಿಲ್ಲ. ಪ್ರತಿ ಗ್ರಾಮಸಭೆಗೂ ಹೋಗಿ ಮುಂದಿನ ಸಾಲಲ್ಲಿ ಕೂರುತ್ತಾರೆ. ಮುಂದಿನ ಚುನಾವಣೆಗೆ ನಿಲ್ತಾರೋ ಇಲ್ಲವೋ ಹೇಳಿಲ್ಲ. ಮೊನ್ನೆ ಫೋನ್ ಮಾಡಿದರು. "ಉದ್ಯೋಗ ಖಾತ್ರಿ ಪಟ್ಟಿ ಎಲ್ಲ ವೆಬ್‌ಸೈಟ್‌ನಲ್ಲಿ ಇರ್ತದಂತಲ್ಲಪ್ಪ. ನಮ್ಮ ಪಂಚಾಯ್ತಿದು ಮೂರು ವರ್ಷದ್ದು ಪ್ರಿಂಟ್ ತೆಗೆದು ಕಳಿಸು. ಓಟಿಗಂತೂ ಬರಲಿಲ್ಲ ನೀನು." ಕೊನೇ ಮಾತು ನಗ್ತಾ ಅಂದರು, ಆದರೂ ಚುಚ್ಚಿತು.

ರಾತ್ರಿ ಕೂತು ತೆಗೆದೆ. ಕೆರೆ ಹೂಳೆತ್ತುವ ಕಾಮಗಾರಿಯ ಪಟ್ಟಿಯಲ್ಲಿ ಅಪ್ಪನ ಹೆಸರಿತ್ತು, ಹದಿನಾಲ್ಕು ದಿನದ ಕೂಲಿ. ಅಪ್ಪನಿಗೆ ಮಂಡಿ ನೋವು, ನಾಲ್ಕು ವರ್ಷದಿಂದ ಗುದ್ದಲಿ ಹಿಡಿದಿಲ್ಲ. ಫೋನ್ ಮಾಡಿ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು ಹೇಳಿದರು: "ಬ್ಯಾಂಕಿಗೆ ಬಂದಿದ್ದ ತಗಂಡೋದ. ನಂಗೆ ಐನೂರು ಕೊಟ್ಟ. ಎಲ್ರೂ ಹಂಗೇ ಮಾಡ್ತಾರೆ ಕಣಪ್ಪ." ಕಾರು ತಂದವನೇ.

ಆ ಒಂದು ಹಾಳೆ ಬಿಟ್ಟು ಪ್ರಿಂಟ್ ತೆಗೆಯೋದು ನನಗೇನು ಕಷ್ಟವಲ್ಲ. ಪುಟದ ನಂಬರು ಬದಲಿಸಿದರೆ ಆಯಿತು. ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಫ್ರೀಡಂ ಪಾರ್ಕಿನಲ್ಲಿ ಮೇಣದ ಬತ್ತಿ ಹಿಡಿಯೋದು ಎಷ್ಟು ಸುಲಭ ಇತ್ತು. ದೆಹಲಿಯವರು ಕೆಟ್ಟರು, ಮಣಿಪುರದವರು ಕೃತಘ್ನರು ಅನ್ನೋದೂ ಸುಲಭ. ಹತ್ತಿರದ ಲೆಕ್ಕ ಬಂದಾಗ ಅದು ನಮ್ಮ ಮನೆ ಬಾಗಿಲಿಗೇ ಬರುತ್ತೆ. ಮೇಷ್ಟ್ರಂಥವರು ಸೋಲೋದು ಇದೇ ಬಾಗಿಲಲ್ಲಿ.

ಎಲ್ಲ ಹಾಳೆ ಪ್ರಿಂಟ್ ತೆಗೆದೆ. ಅಪ್ಪನಿಗೆ ಹೇಳಿಯೇ ಕಳಿಸಿದೆ. ಎರಡು ದಿನದಿಂದ ಅಪ್ಪ ಫೋನ್ ಎತ್ತುತ್ತಿಲ್ಲ, ಅವ್ವ ಎತ್ತಿ "ಇನ್ನೂ ಸಿಟ್ಟಾಗವ್ರೆ" ಅಂತಾಳೆ. ರೂಮ್‌ಮೇಟಿಗೆ ಫೋನ್ ಮಾಡಿ ಆವತ್ತಿನ ಹೂಂ ವಾಪಸ್ ತಗೋಬೇಕು ಅಂತಿದ್ದೆ, ಅದನ್ನ ಆಮೇಲೆ ಮಾಡ್ತೀನಿ. ಗ್ರಾಮಸಭೆ ಬರುವ ಗುರುವಾರ. ರಜೆ ಹಾಕಿದ್ದೀನಿ.